ಕೊನೆಯ ಸಾಲಿಗೆ ಕೇಳಿಸುವಂತೆ

ಅವಳು ವೇದಿಕೆಯ ಅಂಚಿಗೆ ಬಂದು ನಿಂತು, ಎರಡೂ ಕೈ ಎತ್ತಿ, ಒಂದೇ ಒಂದು ಚಪ್ಪಾಳೆ ತಟ್ಟಿದಳು.

ಆ ಸದ್ದು ಆರುನೂರು ಖಾಲಿ ಕುರ್ಚಿಗಳನ್ನು ದಾಟಿ, ಹಿಂದಿನ ಗೋಡೆಗೆ ಬಡಿದು, ಹೋದ ಹಾಗೇ ವಾಪಸ್ ಬಂತು. ಪಕ್ಕದ ಗೋಡೆಗೆ ಏಣಿ ಹಾಕಿ ಮರದ ಹಲಗೆ ಕೂರಿಸುತ್ತಿದ್ದವನು ತಿರುಗಿ ನೋಡಿದ. ಸುತ್ತಿಗೆಯನ್ನು ಎದೆಗೆ ಒತ್ತಿಕೊಂಡು ತಲೆ ಬಾಗಿಸಿದ.

"ತುಂಬಾ ಥ್ಯಾಂಕ್ಸ್ ಮೇಡಂ. ಹನ್ನೆರಡು ವರ್ಷದಿಂದ ಮರಗೆಲಸ ಮಾಡ್ತಿದ್ದೀನಿ. ಚಪ್ಪಾಳೆ ಹೊಡೆದವರು ನೀವೇ ಮೊದಲು."

"ಚಪ್ಪಾಳೆ ನಿಮಗಲ್ಲ," ಎಂದಳು ಅವಳು. "ಗೋಡೆಗೆ."

"ಗೋಡೆ ಏನು ಮಾಡ್ತು?"

"ಕೊಟ್ಟಿದ್ದನ್ನೆಲ್ಲ ಹಾಗೇ ವಾಪಸ್ ಕೊಡ್ತಿದೆ. ಸ್ವಲ್ಪ ನುಂಗ್ಕೊಳ್ಳೋದು ಕಲೀಬೇಕು."

"ನನ್ನ ಹತ್ರ ಟ್ಯೂಷನ್‌ಗೆ ಕಳಿಸಿ. ನಮ್ಮಮ್ಮ ಬೈದಿದ್ದನ್ನೆಲ್ಲ ಮೂವತ್ತನಾಲ್ಕು ವರ್ಷದಿಂದ ನುಂಗ್ಕೊಂಡೇ ಬಂದಿದ್ದೀನಿ."

ತಾನು ಆಗ ನಗಲಿಲ್ಲ ಎಂದು ಅವಳು ಇವತ್ತಿಗೂ ವಾದಿಸುತ್ತಾಳೆ. ನಕ್ಕಿದ್ದಳು. ನಗು ಕಾಣಬಾರದೆಂದು ಬಗ್ಗಿ ಅಳತೆಯ ಟೇಪು ಹುಡುಕಿದ್ದಳು, ಆ ಟೇಪು ಅವಳ ಕೈಯಲ್ಲೇ ಇತ್ತು.

ಊರಿನ ಹಳೆಯ ನಾಟಕದ ಹಾಲ್ ಅದು. ರಿಪೇರಿಗೆಂದು ಬಾಗಿಲು ಹಾಕಿ ಒಂದು ವರ್ಷವಾಗಿತ್ತು. ಸೌಂಡ್ ಸಿಸ್ಟಮ್ ಯಾವುದು ಬೇಕು, ಎಲ್ಲಿ ನೇತು ಹಾಕಬೇಕು, ಯಾವ ಸ್ಪೀಕರ್ ಯಾವ ಸಾಲಿನ ಕಡೆ ಮುಖ ಮಾಡಬೇಕು, ಎಲ್ಲ ತೀರ್ಮಾನವೂ ಅವಳದ್ದು. ದೊಡ್ಡ ಕಂಪನಿಗಳಲ್ಲಿ ಬೇರೆಯವರ ಹೆಸರಿನಡಿ ಎಂಟು ವರ್ಷ ದುಡಿದ ಮೇಲೆ ಸ್ವಂತವಾಗಿ ಸಿಕ್ಕಿದ ಮೊದಲ ಹಾಲ್. ಟೇಪು, ಸ್ಟ್ಯಾಂಡಿಗೆ ಸಿಕ್ಕಿಸಿದ ಬೆರಳಿನಷ್ಟು ಸಣ್ಣ ಮೈಕು, ಮಡಿಲಲ್ಲೊಂದು ಲ್ಯಾಪ್‌ಟಾಪು ಹಿಡಿದು ಸಾಲು ಸಾಲಿಗೂ ಕೂತು ಏಳುತ್ತಿದ್ದವಳಿಗೆ ಕೆಲಸದವರು ಎರಡೇ ದಿನದಲ್ಲಿ 'ಅಳತೆ ಮೇಡಂ' ಎಂದು ಹೆಸರಿಟ್ಟರು.

ಮ್ಯಾನೇಜರ್‌ಗೆ ಅವಳ ನಕ್ಷೆ ಹಿಡಿಸಿರಲಿಲ್ಲ. "ಎರಡು ದೊಡ್ಡ ಡಬ್ಬ ತಂದು ಆ ಕಡೆ ಈ ಕಡೆ ಇಟ್ಟು ಜೋರಾಗಿ ಬಿಟ್ರೆ ಆಯ್ತಪ್ಪ. ಬಾಲ್ಕನಿ ಕೆಳಗೆ ಇಷ್ಟು ಪುಟ್ಟ ಪುಟ್ಟ ಸ್ಪೀಕರ್ ಯಾಕೆ? ಸಾಲಾಗಿ ಗುಬ್ಬಿ ಕೂತ ಹಾಗಿದೆ," ಎಂದು ಮೂಗು ಮುರಿದಿದ್ದರು.

"ಜೋರು ಬೇರೆ, ಸ್ಪಷ್ಟ ಬೇರೆ ಸಾರ್," ಎಂದಿದ್ದಳು ಅವಳು. "ದೊಡ್ಡ ಡಬ್ಬ ಇಟ್ರೆ ಮುಂದಿನ ಸಾಲಿನವರ ಕಿವಿ ತೂತಾಗುತ್ತೆ. ಕೊನೆ ಸಾಲಿನವರಿಗೆ ಗದ್ದಲ ಮಾತ್ರ ಕೇಳುತ್ತೆ, ಮಾತು ಕೇಳಲ್ಲ. ಗುಬ್ಬಿಗಳು ಅಲ್ಲೇ ಇರ್ತವೆ."

ಅವಳು ಹೀಗೆ ಪಟ್ಟು ಹಿಡಿಯಲು ಕಾರಣ ಅವಳ ಅತ್ತೆ, ಎಂದರೆ ಅಪ್ಪನ ಅಕ್ಕ, ಅವಳನ್ನು ಸಾಕಿ ಬೆಳೆಸಿದವರು. ಇದೇ ಹಾಲ್‌ನ ಬಾಗಿಲಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದವರು. ನಾಟಕ ಶುರುವಾದ ಮೇಲೆ ಬಾಲ್ಕನಿಯ ಕೆಳಗೆ, ಕೊನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕೂರುವುದು ಅತ್ತೆಯ ಹಕ್ಕು. ಅಲ್ಲಿಗೆ ಬಣ್ಣ ಕಾಣುತ್ತಿತ್ತು, ಕೈಕಾಲು ಆಡುವುದು ಕಾಣುತ್ತಿತ್ತು, ಮಾತು ಮಾತ್ರ ಅರ್ಧಕ್ಕೇ ಕರಗಿ ಹೋಗುತ್ತಿತ್ತು. ಎಲ್ಲರೂ ನಕ್ಕಾಗ ಅತ್ತೆ ಪಕ್ಕದಲ್ಲಿದ್ದ ಪುಟ್ಟ ಹುಡುಗಿಯ ಕಡೆ ಬಾಗಿ ಕೇಳುತ್ತಿದ್ದರು, "ಏನಂದ್ರು?" ಹುಡುಗಿ ಬಗ್ಗಿಕೊಂಡು ನಡುವಿನ ಸಾಲಿನವರೆಗೆ ಓಡಿ, ಕೇಳಿಸಿಕೊಂಡು ಬಂದು ಅತ್ತೆಯ ಕಿವಿಯಲ್ಲಿ ಉಸುರುತ್ತಿದ್ದಳು. ಅಷ್ಟರಲ್ಲಿ ಮುಂದಿನ ಮಾತು ಮುಗಿದಿರುತ್ತಿತ್ತು. ಅತ್ತೆಗೆ ಈಗ ಎಪ್ಪತ್ತು. ಒಂದು ನಾಟಕವನ್ನಾದರೂ ಅತ್ತೆ ಆ ಕುರ್ಚಿಯಲ್ಲಿ ಕೂತು, ಯಾರನ್ನೂ ಏನೂ ಕೇಳದೆ ನೋಡಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

*

ಗರಗಸ, ಸುತ್ತಿಗೆ, ಡ್ರಿಲ್ಲುಗಳ ನಡುವೆ ಮೈಕು ಇಟ್ಟು ಅಳೆಯುವುದು ಆಗದ ಮಾತು. ಮಧ್ಯಾಹ್ನ ಒಂದರಿಂದ ಎರಡರವರೆಗೆ, ಎಲ್ಲರೂ ಊಟಕ್ಕೆ ಹೋದಾಗ ಹಾಲ್ ಅವಳದ್ದು. ಆದರೆ ಯಂತ್ರದ ಸದ್ದಿನಿಂದ ಅಳೆದರೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಸದ್ದಿನ ಏರಿಳಿತದ ಗೆರೆ ಸಿಗುತ್ತದೆ, ಮಾತು ಅರ್ಥವಾಗುತ್ತದೋ ಇಲ್ಲವೋ ಎಂಬುದಕ್ಕೆ ಮನುಷ್ಯನ ಬಾಯಿಯೇ ಬೇಕು.

"ರೀ ಮೇಸ್ತ್ರಿ, ಹತ್ತು ನಿಮಿಷ ಇದೆಯಾ? ಸ್ಟೇಜ್ ಮೇಲೆ ನಿಂತು ಏನಾದ್ರೂ ಓದ್ತೀರಾ?"

"ಏನು ಓದ್ಲಿ?"

"ಏನಾದ್ರೂ. ಅರ್ಥ ಮುಖ್ಯ ಅಲ್ಲ."

ಅವನು ಸುತ್ತಮುತ್ತ ನೋಡಿ, ಕೈಗೆ ಸಿಕ್ಕಿದ ಮರದ ಪಾಲಿಶಿನ ಡಬ್ಬಿ ಎತ್ತಿಕೊಂಡು, ಮೈಕಿನ ಮುಂದೆ ನಿಂತು ಓದತೊಡಗಿದ. "ತಣ್ಣನೆಯ, ಒಣ ಜಾಗದಲ್ಲಿ ಇಡಿ. ಬೆಂಕಿಯಿಂದ ದೂರವಿಡಿ. ಬಳಸುವ ಮೊದಲು ಚೆನ್ನಾಗಿ ಕಲಕಿ."

ಹದಿನಾಲ್ಕನೇ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದವಳು ಕಣ್ಣು ಬಿಟ್ಟಳು. ಏಣಿಯ ಮೇಲಿಂದ ತಮಾಷೆ ಮಾಡುವಾಗ ಗೊತ್ತಾಗಿರಲಿಲ್ಲ. ಅವನದು ತಗ್ಗಿನ, ಭಾರದ, ಅವಸರವಿಲ್ಲದ ಧ್ವನಿ. ಪಾಲಿಶನ್ನು ಬೆಂಕಿಯಿಂದ ದೂರವಿಡಬೇಕೆಂಬುದನ್ನು ಇಷ್ಟು ಕಾಳಜಿಯಿಂದ ಯಾರೂ ಹೇಳಿರಲಾರರು.

ಹತ್ತು ನಿಮಿಷ ದಿನದ ಒಂದು ಗಂಟೆಯಾಯಿತು. ಅವನು ಊಟದ ಡಬ್ಬಿಯನ್ನು ಎರಡು ಗಂಟೆಗೆ, ಕೆಲಸದ ನಡುವೆ ನಿಂತುಕೊಂಡೇ ಖಾಲಿ ಮಾಡತೊಡಗಿದ. ಪಾಲಿಶ್ ಡಬ್ಬಿಯ ಬರಹ ಬಾಯಿಪಾಠವಾದ ಮೇಲೂ ಅದನ್ನೇ ಓದಿದ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದರೂ ಅವನು ಯಾವಾಗ ತನ್ನನ್ನು ನೋಡುತ್ತಿದ್ದಾನೆ ಎಂಬುದು ಅವಳಿಗೆ ಗೊತ್ತಾಗುತ್ತಿತ್ತು. ಆಗೆಲ್ಲ ಅವನು ಒಂದೇ ಸಾಲನ್ನು ಎರಡು ಸಲ ಓದುತ್ತಿದ್ದ.

"ಚೆನ್ನಾಗಿ ಕಲಕಿ ಅಂತ ಇವತ್ತು ನಾಲ್ಕು ಸಲ ಹೇಳಿದ್ರಿ," ಎಂದಳು ಒಂದು ದಿನ.

"ಎಷ್ಟು ಕಲಕಿದ್ರೂ ಸಾಲ್ದು ಅನ್ಸುತ್ತೆ ಮೇಡಂ."

ಅವಳ ಕಿವಿ ಕೆಂಪಾಯಿತು. ಲ್ಯಾಪ್‌ಟಾಪಿನ ಗೆರೆಗಳನ್ನು ಭಾರೀ ಗಂಭೀರವಾಗಿ ನೋಡಿದಳು.

ಇನ್ನೊಂದು ದಿನ ಅವನು ಬಾಲ್ಕನಿಯ ಕೆಳಗೆ ಬಂದು, ತಲೆಯ ಮೇಲಿನ ಪುಟ್ಟ ಸ್ಪೀಕರುಗಳನ್ನು ತೋರಿಸಿ ಕೇಳಿದ. "ಈ ಗುಬ್ಬಿಗಳು ಇನ್ನೂ ಯಾಕೆ ಬಾಯಿ ಬಿಟ್ಟಿಲ್ಲ?"

"ಸುಮ್ನೆ ಬಾಯಿ ಬಿಟ್ರೆ ಎಡವಟ್ಟಾಗುತ್ತೆ. ನಿಮ್ಮ ಮಾತು ಸ್ಟೇಜಿಂದ ಇಲ್ಲಿಗೆ ಇಪ್ಪತ್ತೇಳು ಮೀಟರ್ ಗಾಳೀಲಿ ನಡ್ಕೊಂಡು ಬರ್ಬೇಕು. ತಂತೀಲಿ ಬರೋದು ಒಂದೇ ಏಟಿಗೆ ಬಂದುಬಿಡುತ್ತೆ. ಇವು ಮೊದಲು ಮಾತಾಡಿ, ನೀವು ಆಮೇಲೆ ಮಾತಾಡಿದ್ರೆ ಎರಡೂ ಕಲಸಿಹೋಗುತ್ತೆ. ಅದಕ್ಕೇ ಇವನ್ನ ಕಾಯಿಸ್ತೀನಿ. ದೂರದ ಮಾತು ಬಂದು ಮುಟ್ಟೋ ತನಕ ಹತ್ತಿರದ ಸ್ಪೀಕರ್ ತುಟಿ ಬಿಚ್ಚೋ ಹಾಗಿಲ್ಲ."

"ಎಷ್ಟು ಹೊತ್ತು?"

"ಒಂದು ಸೆಕೆಂಡಲ್ಲಿ ಹನ್ನೆರಡನೇ ಒಂದು ಭಾಗ. ಆಗ ಕೂತಿರೋರಿಗೆ ಇವು ಇರೋದೇ ಗೊತ್ತಾಗಲ್ಲ. ಸ್ಟೇಜ್ ಮೇಲಿರೋರೇ ಕಿವಿ ಹತ್ರ ಮಾತಾಡಿದ ಹಾಗಿರುತ್ತೆ."

ಅವನು ಕಣ್ಣನ್ನು ಸ್ಪೀಕರುಗಳಿಂದ ಅವಳ ಕಡೆಗೆ ತಿರುಗಿಸಿದ. "ಹತ್ತಿರ ಇರೋರೇ ಕಾಯ್ಬೇಕು ಅನ್ನೋದು ಯಾವ ನ್ಯಾಯ ಮೇಡಂ?"

ಅವರಿಬ್ಬರ ನಡುವೆ ಒಂದು ಕುರ್ಚಿಯ ಕೈಹಿಡಿಯಷ್ಟೇ ಅಂತರವಿತ್ತು. ಅವನ ತೋಳಿನ ಮೇಲೆ ಮರದ ಹುಡಿ ಅಂಟಿತ್ತು. ಅದನ್ನು ಒರೆಸಿಬಿಡಬೇಕು ಎಂದು ಅವಳ ಕೈಗೆ ಅನ್ನಿಸಿತು, ಕೈಯನ್ನು ಜೇಬಿಗೆ ಹಾಕಿಕೊಂಡಳು.

"ನ್ಯಾಯ ಅಲ್ಲ, ಲೆಕ್ಕ," ಎಂದಳು.

*

ಐದು ವಾರ ಕಳೆದ ಮೇಲೆ, ಒಂದು ಬುಧವಾರ ಬೆಳಿಗ್ಗೆ ಹಾಲ್ ನೋಡಿಕೊಳ್ಳುವ ಸಮಿತಿಯವರು ಪರೀಕ್ಷೆಗೆ ಬಂದರು. ಅಧ್ಯಕ್ಷೆ ನಿವೃತ್ತ ಹೆಡ್‌ಮಿಸ್. ಊರಿನ ಅರ್ಧ ಜನಕ್ಕೆ ಪಾಠ ಹೇಳಿದವರು, ಮ್ಯಾನೇಜರ್‌ಗೂ ಕಿವಿ ಹಿಂಡಿದವರು. ಕೊನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಅತ್ತೆ ಒಳ್ಳೆಯ ಸೀರೆಯುಟ್ಟು ಕೂತಿದ್ದರು.

ಹೆಡ್‌ಮಿಸ್ ಮೈಕಿನ ಮುಂದೆ ನಿಂತರು. ಅವರದು ಸಣ್ಣ, ಮೊನಚು ಧ್ವನಿ. ಬಾಯಿ ತೆರೆದದ್ದೇ ತಡ, ತಗಡು ಗೀಚಿದಂಥ ಸದ್ದು ಹಾಲ್ ತುಂಬಿತು. ಎರಡನೇ ವಾಕ್ಯಕ್ಕೆ ಸ್ಪೀಕರುಗಳು ಕುಯ್ ಎಂದು ಸಿಳ್ಳೆ ಹೊಡೆದವು. ಅವಳು ಓಡಿಹೋಗಿ ಸೌಂಡು ಇಳಿಸಿದಳು. ಸಿಳ್ಳೆ ನಿಂತಿತು, ಜೊತೆಗೆ ಮಾತೂ ಬತ್ತಿಹೋಯಿತು. ಹನ್ನೆರಡನೇ ಸಾಲಿನಾಚೆಗೆ ಬರೀ ಸುಯ್ ಸುಯ್.

ಆ ನಿಶ್ಶಬ್ದದಲ್ಲಿ ಹಿಂದಿನಿಂದ ಒಂದು ಪ್ರಶ್ನೆ ಬಂತು. "ಏನಂದ್ರು?"

ಇಪ್ಪತ್ತೈದು ವರ್ಷದ ಮೇಲೆ, ಅದೇ ಕುರ್ಚಿಯಿಂದ, ಅದೇ ಪ್ರಶ್ನೆ. ಮೊನ್ನೆಯವರೆಗೆ ಎಲ್ಲ ಸರಿಯಿತ್ತಲ್ಲ? ಏನಾಯಿತು?

"ನಾನು ಮೊದಲೇ ಹೇಳಿದ್ದೆ," ಎಂದರು ಮ್ಯಾನೇಜರ್. "ಸೋಮವಾರಕ್ಕೆ ಎರಡು ದೊಡ್ಡ ಡಬ್ಬ ತರಿಸ್ತೀನಿ. ಗುಬ್ಬಿಗಳನ್ನ ಇಳಿಸ್ಬಿಡೋಣ."

"ಶನಿವಾರದವರೆಗೆ ಟೈಮ್ ಕೊಡಿ ಮೇಡಂ," ಎಂದು ಅವಳು ಹೆಡ್‌ಮಿಸ್ ಕಡೆ ತಿರುಗಿದಳು. "ಶನಿವಾರ ನಿಮ್ಮ ಧ್ವನಿ ಆ ಕೊನೆ ಕುರ್ಚಿಗೆ ತಲುಪದಿದ್ರೆ ಗುಬ್ಬಿಗಳನ್ನ ನಾನೇ ನನ್ನ ಕೈಯಾರೆ ಇಳಿಸ್ತೀನಿ."

ಹೆಡ್‌ಮಿಸ್ ಕನ್ನಡಕದ ಮೇಲಿಂದ ಅವಳನ್ನು ಒಂದು ಕ್ಷಣ ಅಳೆದರು. "ಶನಿವಾರ ಹತ್ತು ಗಂಟೆ. ಏನು ತಪ್ಪಾಯ್ತು ಅಂತಲೂ ಅವತ್ತು ಹೇಳ್ಬೇಕು."

ಎಲ್ಲರೂ ಹೋದ ಮೇಲೆ ಅವಳು ಐದು ವಾರದ ಗೆರೆಗಳನ್ನು ಒಂದೊಂದಾಗಿ ಪರದೆಯ ಮೇಲೆ ಬಿಡಿಸಿದಳು. ಮೊದಲ ವಾರದ್ದು ಸರಿಯಾಗಿತ್ತು. ಆಮೇಲೆ ದಿನಕ್ಕೊಂದಿಷ್ಟು, ಇವತ್ತು ತಗ್ಗಿನ ಸ್ವರ ಕೂದಲೆಳೆಯಷ್ಟು ಇಳಿಸಿ, ನಾಳೆ ಚೂಪು ಸ್ವರ ಕೂದಲೆಳೆಯಷ್ಟು ಏರಿಸಿ, ಇನ್ನೂ ಚೆನ್ನಾಗಿ ಕೇಳಲಿ, ಇನ್ನೂ ಸ್ಪಷ್ಟವಾಗಲಿ ಎಂದು ತಿದ್ದುತ್ತಲೇ ಹೋಗಿದ್ದಳು. ಯಾರ ಮಾತು? ಸಂಶಯ ಬಂದು, ಅವನು ಓದಿದ್ದ ಒಂದು ರೆಕಾರ್ಡಿಂಗ್ ತೆಗೆದು ಅದರ ಗೆರೆಯನ್ನು ಪಕ್ಕದಲ್ಲಿಟ್ಟಳು. ಅವನ ಧ್ವನಿ ಎಲ್ಲಿ ಉಬ್ಬಿತ್ತೋ ಅವಳ ಗೆರೆ ಅಲ್ಲಿ ತಗ್ಗಿತ್ತು, ಅವನದು ಎಲ್ಲಿ ತಗ್ಗಿತ್ತೋ ಅವಳದು ಅಲ್ಲಿ ಉಬ್ಬಿತ್ತು. ಒಂದನ್ನೊಂದು ಒಂದೇ ಒಂದು ಸಂದಿಲ್ಲದಂತೆ ತುಂಬುತ್ತಿದ್ದವು.

ಅವಳು ಹಾಲ್ ಅನ್ನು ಸರಿಪಡಿಸಿರಲೇ ಇಲ್ಲ. ಐದು ವಾರ ಕೂತು ಒಬ್ಬ ಗಂಡಸಿನ ಧ್ವನಿಗೆ ಆರುನೂರು ಕುರ್ಚಿಯ ಹಾಲ್ ಹೊಲಿದಿದ್ದಳು.

ಹಾಲ್‌ನ ತಿದ್ದುಪಡಿ ಒಂದು ಕಡೆ, ಒಬ್ಬೊಬ್ಬರ ಮೈಕಿನ ತಿದ್ದುಪಡಿ ಇನ್ನೊಂದು ಕಡೆ. ಈ ವಿದ್ಯೆಯಲ್ಲಿ ಮೊದಲ ದಿನದ ಪಾಠ ಅದು. ಅದನ್ನೇ ಮರೆತಿದ್ದಳು. ನಾಚಿಕೆಯಾಯಿತು, ತನ್ನ ಮೇಲೇ ಸಿಟ್ಟು ಬಂತು, ಅವೆರಡರ ಅಡಿಯಲ್ಲಿ ಇನ್ನೂ ಒಂದು ಇತ್ತು. ಅದಕ್ಕೆ ಹೆಸರು ಹುಡುಕುವ ಕಷ್ಟವೂ ಉಳಿದಿರಲಿಲ್ಲ. ಅವಳು ಪ್ರೀತಿಸುತ್ತಿದ್ದಾಳೆ ಎಂದು ಪರದೆಯೇ ಗೆರೆ ಎಳೆದು ತೋರಿಸಿದ ಮೇಲೆ ಇನ್ನೇನು ವಾದ!

ಒಂದು ನಿಮಿಷ ತಲೆಯ ಮೇಲೆ ಕೈ ಹೊತ್ತು ಕೂತಳು. ಒಂದೇ ನಿಮಿಷ. ಆಮೇಲೆ ಹಾಲ್‌ನ ತಿದ್ದುಪಡಿಯನ್ನೆಲ್ಲ ಅಳಿಸಿ ಸೊನ್ನೆಗೆ ತಂದಳು. ಅಳಿಸುವ ಮೊದಲು ಅದರದ್ದೊಂದು ನಕಲು ತೆಗೆದು, ಮೈಕುಗಳ ಸದ್ದು ಹದ ಮಾಡುವ ಮಿಕ್ಸರಿನ ಕೊನೆಯ ಚಾನೆಲ್‌ನಲ್ಲಿ ಜೋಪಾನವಾಗಿ ಇಟ್ಟಳು.

*

ಗುರುವಾರ ಬೆಳಿಗ್ಗೆಯಿಂದ ಅವಳು ಕಂಡಕಂಡವರನ್ನೆಲ್ಲ ವೇದಿಕೆ ಹತ್ತಿಸಿದಳು. ಕಸ ಗುಡಿಸುವ ಅಕ್ಕ, ಬಣ್ಣ ಬಳಿಯುವವರು, ಅಂಚೆ ಕೊಡಲು ಬಂದವಳು, ಮೂಗು ಕಟ್ಟಿದ ಎಲೆಕ್ಟ್ರಿಷಿಯನ್ನು, ಒಟ್ಟು ಇಪ್ಪತ್ತು ಬಾಯಿ. ಮಧ್ಯಾಹ್ನ ಒಂದು ಗಂಟೆಗೆ ಮೇಸ್ತ್ರಿ ಪಾಲಿಶ್ ಡಬ್ಬಿ ಹಿಡಿದು ಬಂದು ಮೆಟ್ಟಿಲ ಬುಡದಲ್ಲಿ ನಿಂತ.

"ಊರೆಲ್ಲಾ ಕರೆದ್ರಿ, ನನ್ನನ್ನ ಬಿಟ್ರಿ," ಎಂದ. ನಗುತ್ತಲೇ ಅಂದ, ಆದರೆ ನಗು ಕಣ್ಣಿಗೆ ಏರಿರಲಿಲ್ಲ. "ನಿನ್ನೆ ಹಾಳಾಗಿದ್ದು ನನ್ನಿಂದಾನಾ ಮೇಡಂ?"

ಸುಳ್ಳು ಹೇಳಬಹುದಿತ್ತು. ಅವಳಿಗೆ ಅದು ಬರುತ್ತಿರಲಿಲ್ಲ.

"ನಿಮ್ಮಿಂದಲ್ಲ, ನನ್ನಿಂದ. ನೀವು ಮಾತಾಡಿದ್ರೆ ನಂಗೆ ಹಾಲ್ ಕೇಳ್ಸಲ್ಲ."

"ಮತ್ತೇನು ಕೇಳ್ಸುತ್ತೆ?"

"ನೀವೇ."

ಅವನ ಕೈಯಲ್ಲಿದ್ದ ಡಬ್ಬಿ ಮೆಟ್ಟಿಲಿಗೆ ತಾಗಿ ಟಣ್ ಎಂದಿತು. ಏನೋ ಹೇಳಲು ಬಾಯಿ ತೆರೆದ. ಅವಳು ಅಂಗೈ ಎತ್ತಿ ತಡೆದಳು.

"ಈಗ ಬೇಡ. ಆ ಕೊನೆ ಕುರ್ಚಿಗೆ ನಾನು ಮಾತು ತಲುಪಿಸ್ಬೇಕು. ಅದಾಗೋ ತನಕ ಬೇರೆ ಏನೂ ತಲೆಗೆ ಹಾಕ್ಕೊಳ್ಳಲ್ಲ. ಶನಿವಾರದವರೆಗೆ ನನ್ನೆದುರು ಬಾಯಿ ಬಿಡ್ಬೇಡಿ. ಆಗುತ್ತಾ?"

ಅವನು ಅವಳನ್ನು ನೋಡಿದ. ಹಣೆಯಿಂದ ಶುರು ಮಾಡಿ, ಹಠದಲ್ಲಿ ಬಿಗಿದಿದ್ದ ತುಟಿಯವರೆಗೆ, ನಿಧಾನವಾಗಿ. ಆಮೇಲೆ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ನೆಲದಲ್ಲಿ ಬಿದ್ದಿದ್ದ ಪ್ಲೈವುಡ್ ತುಂಡೊಂದರ ಮೇಲೆ ಬರೆದು ಅವಳ ಕೈಗಿಟ್ಟ.

'ಆಗುತ್ತೆ.'

ಅಂದಿನಿಂದ ಪ್ಲೈವುಡ್ ತುಂಡುಗಳು ಬರತೊಡಗಿದವು. 'ಊಟ?' ಎಂದು ಒಂದು. 'ಮೂರನೇ ಸಾಲಿನ ಏಳನೇ ಕುರ್ಚಿ ಕಿರ್ ಅಂತಿತ್ತು, ಸರಿ ಮಾಡಿದೆ' ಎಂದು ಇನ್ನೊಂದು. ಶುಕ್ರವಾರ ಬೆಳಿಗ್ಗೆ ಅವಳು ಹಿಂದಿನ ಗೋಡೆಯ ಮುಂದೆ ನಿಂತು ತಲೆಯಾಡಿಸುತ್ತಿದ್ದಳು. ಅಲ್ಲಿನ ಹಲಗೆಗಳ ಸಂದು ಕಿರಿದಾಗಿ, ಗೋಡೆ ಇನ್ನೂ ಮಾತನ್ನು ಹಿಂದಕ್ಕೆ ಎಸೆಯುತ್ತಿತ್ತು. ಅವನು ಬಂದು ಪಕ್ಕದಲ್ಲಿ ನಿಂತು ತುಂಡು ಚಾಚಿದ. 'ಎಷ್ಟು ಬೇಕು?' ಅವಳು ಕಿರುಬೆರಳು ತೋರಿಸಿದಳು. ಅವನು ಅವಳ ಕಿರುಬೆರಳನ್ನು ಹಿಡಿದು, ಪೆನ್ಸಿಲಿನಿಂದ ಮರದ ಪಟ್ಟಿಯ ಮೇಲೆ ಅದರ ದಪ್ಪ ಗುರುತು ಮಾಡಿಕೊಂಡ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಹಿಡಿದಿದ್ದ. ಸಂಜೆಯೊಳಗೆ ನಲವತ್ತೆಂಟು ಹಲಗೆಗಳನ್ನೂ ಒಬ್ಬನೇ ಬಿಚ್ಚಿ ಮತ್ತೆ ಕೂರಿಸಿದ. ಕೊನೆಗೆ ಬಂದ ತುಂಡಿನಲ್ಲಿತ್ತು: 'ಶನಿವಾರ ಇನ್ನೂ ಎಷ್ಟು ದೂರ?'

ಅದರ ಕೆಳಗೆ ಅವಳು ಬರೆದಳು: 'ಇಪ್ಪತ್ತೇಳು ಮೀಟರ್.'

*

ಶನಿವಾರ ಹತ್ತಕ್ಕೆ ಸರಿಯಾಗಿ ಹೆಡ್‌ಮಿಸ್ ವೇದಿಕೆ ಹತ್ತಿದರು. "ಮೊದಲು ತಪ್ಪು ಏನು ಅಂತ ಹೇಳಮ್ಮ."

ಮ್ಯಾನೇಜರ್ ಕೈ ಕಟ್ಟಿ ಕಾಯುತ್ತಿದ್ದರು. ಕೆಲಸದವರೆಲ್ಲ ಗೋಡೆಗೆ ಒರಗಿ ನಿಂತಿದ್ದರು, ಅವರ ನಡುವೆ ಅವನೂ ಇದ್ದ. ಅವಳು ತಲೆ ತಗ್ಗಿಸಲಿಲ್ಲ.

"ಹಾಲ್ ಎಲ್ಲರದ್ದು ಮೇಡಂ. ನಾನು ಒಬ್ಬರ ಧ್ವನಿಗೆ ತಕ್ಕ ಹಾಗೆ ತಿದ್ದಿದ್ದೆ. ಅವರ ಮಾತು ನಂಗೆ ಅಷ್ಟು ಇಷ್ಟ ಆಗಿತ್ತು. ಅದು ಗೊತ್ತಾಗದೇ ಹೋಗಿದ್ದು ನನ್ನ ತಪ್ಪು. ಈಗ ಇಪ್ಪತ್ತು ಜನರ ಧ್ವನಿ ಹಾಕಿ ಮೊದಲಿಂದ ಮಾಡಿದ್ದೀನಿ."

ಯಾರೋ ಕೆಮ್ಮಿದರು. ಎಲೆಕ್ಟ್ರಿಷಿಯನ್ ಮೇಸ್ತ್ರಿಯ ಪಕ್ಕೆಗೆ ತಿವಿದ. ಹೆಡ್‌ಮಿಸ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ತಪ್ಪನ್ನ ಇಷ್ಟು ನೇರವಾಗಿ ಒಪ್ಪಿಕೊಂಡವರನ್ನ ನನ್ನ ಕ್ಲಾಸಲ್ಲೂ ಕಂಡಿರ್ಲಿಲ್ಲ," ಎಂದು ಮೈಕಿನ ಕಡೆ ತಿರುಗಿದರು.

ಅವಳು ಕೊನೆಯ ಸಾಲಿಗೆ ಹೋಗಿ ಅತ್ತೆಯ ಪಕ್ಕದಲ್ಲಿ ಕೂತಳು.

ಹೆಡ್‌ಮಿಸ್ ಭಾಷಣ ಮಾಡಲಿಲ್ಲ. ಶಾಲೆಯ ಮೊದಲ ದಿನ ಹುಡುಗನೊಬ್ಬ ತಮ್ಮನ್ನು 'ಅಜ್ಜಿ' ಎಂದು ಕರೆದ ಕಥೆ ಹೇಳಿದರು. ಅವರಿಗಾಗ ಇಪ್ಪತ್ತಮೂರು ವರ್ಷ ಅಂತೆ. "ಆ ಹುಡುಗ ಈಗ ನಮ್ಮ ಮ್ಯಾನೇಜರ್," ಎಂದು ಮೆಲ್ಲಗೆ, ಬಹಳ ಮೆಲ್ಲಗೆ ಮುಗಿಸಿದರು.

ಹಾಲ್ ನಕ್ಕಿತು. ಎಲ್ಲರ ಜೊತೆಗೆ, ಅದೇ ಕ್ಷಣಕ್ಕೆ, ಅತ್ತೆಯೂ ನಕ್ಕರು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಹೊಟ್ಟೆ ಅಲುಗುವ ಹಾಗೆ ನಕ್ಕರು. ಯಾರ ಕಡೆಗೂ ಬಾಗಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿ ವೇದಿಕೆ ಕಾಣದಾಯಿತು.

ಮ್ಯಾನೇಜರ್ ಕೆಂಪಗಾಗಿದ್ದರು. "ಆಯ್ತು, ಆಯ್ತು. ಗುಬ್ಬಿಗಳು ಇರ್ಲಿ," ಎಂದರು.

ಜನ ಏಳುವಷ್ಟರಲ್ಲಿ ಅವನು ಮಿಕ್ಸರಿನ ಹತ್ತಿರ ನಿಂತಿದ್ದ. ಕೊನೆಯ ಚಾನೆಲ್‌ನ ಮೇಲೆ ಅಂಟಿಸಿದ್ದ ಬಿಳಿ ಟೇಪನ್ನು ಬಗ್ಗಿ ಓದಿದ. ಅದರಲ್ಲಿ ಅವಳ ಅಕ್ಷರದಲ್ಲಿ 'ಮೇಸ್ತ್ರಿ' ಎಂದಿತ್ತು. ಅವನು ತಲೆಯೆತ್ತಿ ಇಡೀ ಹಾಲ್‌ನ ಆಚೆಗೆ ಅವಳನ್ನು ನೋಡಿದ. ಹುಬ್ಬು ಮಾತ್ರ ಮೇಲೇರಿತು. ಮಾತಾಡಬಹುದೋ ಎಂದು ಕೇಳುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಹೂಂ ಎಂದು ತಲೆಯಾಡಿಸಿದಳು.

ಅವನು ಆ ಚಾನೆಲ್ ಏರಿಸಿ, ವೇದಿಕೆ ಹತ್ತಿ ಮೈಕಿನ ಮುಂದೆ ನಿಂತ.

"ತಣ್ಣನೆಯ, ಒಣ ಜಾಗದಲ್ಲಿ ಇಡಿ," ಎಂದು ಶುರು ಮಾಡಿದ. ನಿಲ್ಲಿಸಿದ. ಗಂಟಲು ಸರಿ ಮಾಡಿಕೊಂಡ. "ಅದು ಬಾಯಿಪಾಠ ಆಗಿದೆ. ಇದು ಆಗಿಲ್ಲ, ತಪ್ಪಿದ್ರೆ ಕ್ಷಮಿಸಿ. ಮೇಡಂ, ಎರಡು ದಿನ ಸುಮ್ನಿದ್ದೆ, ಪ್ಲೈವುಡ್ ಎಲ್ಲಾ ಖಾಲಿ ಆಯ್ತು. ನಂಗೆ ನಿಮ್ಮ ಜೊತೆ ಬದುಕ್ಬೇಕು ಅಂತ ಆಸೆ. ಮೊದಲನೇ ದಿನ ಏಣಿ ಮೇಲಿದ್ದಾಗ್ಲೇ ಆಸೆ ಆಗಿತ್ತು. ಅಷ್ಟೇ."

ಜೋರಾಗಿ ಹೇಳಲಿಲ್ಲ. ಎದುರಿಗೆ ಕೂತವರೊಂದಿಗೆ ಆಡುವಷ್ಟೇ ಮೆಲ್ಲಗೆ ಹೇಳಿದ. ತಲೆಯ ಮೇಲಿನ ಗುಬ್ಬಿಗಳು ಸೆಕೆಂಡಿನ ಹನ್ನೆರಡನೇ ಒಂದು ಭಾಗ ಕಾದವು. ಅವನ ಮಾತು ಅವನ ತುಟಿಯಿಂದಲೇ ಎದ್ದು ಬಂದ ಹಾಗೆ, ಇಪ್ಪತ್ತೇಳು ಮೀಟರ್ ದಾಟಿ, ಕೊನೆಯ ಸಾಲಿಗೆ ಒಂದಕ್ಷರವೂ ಸೋರದೆ ಬಂದು ಸೇರಿತು.

ಅತ್ತೆ ಪಕ್ಕಕ್ಕೆ ಬಾಗಿದರು, ಹಳೆಯ ಅಭ್ಯಾಸದಂತೆ, ಅವಳ ಕಿವಿಯ ಹತ್ತಿರ. ಆದರೆ ಕೇಳಿದ್ದು ಹಳೆಯ ಪ್ರಶ್ನೆಯಲ್ಲ.

"ನೀನೇನಂತೀಯೇ?"

ಅವಳು ಎದ್ದು ನಿಂತಳು, ಎರಡೂ ಕೈ ಎತ್ತಿದಳು, ಒಂದೇ ಒಂದು ಚಪ್ಪಾಳೆ ತಟ್ಟಿದಳು. ಆ ಸದ್ದು ಸಾಲುಗಳ ಮೇಲಿಂದ ವೇದಿಕೆಗೆ ಹೋಯಿತು, ಈ ಸಲ ವಾಪಸ್ ಬರಲಿಲ್ಲ.

"ಅದು ಗೋಡೆಗಾ ಮೇಡಂ?" ಎಂದ ಅವನು. ಮೈಕಿನಲ್ಲಿ ಅವನ ಧ್ವನಿ ನಡುಗಿದ್ದು ಕೊನೆಯ ಸಾಲಿಗೂ ಕೇಳಿಸಿತು.

"ಅಲ್ಲ," ಎಂದಳು ಅವಳು, ಮೈಕಿಲ್ಲದೆ, ಹಾಲ್ ತುಂಬುವಂತೆ. "ನಿಮಗೆ."